ಅಳಿಸಿದ ಸಾಲು

ಅಪ್ಪ ಕಾಗದ ಬರೆಯುತ್ತಿದ್ದ ಕಾಲದಲ್ಲಿ ಲಕೋಟೆಯ ಮೇಲೆ ಇಂಗ್ಲಿಷ್ ವಿಳಾಸದ ಜೊತೆಗೆ ಮೂಲೆಯಲ್ಲಿ ಕನ್ನಡದಲ್ಲೂ ಒಂದು ಸಾಲು ಇರುತ್ತಿತ್ತು: 'ಹಾಲಿ ವಾಸ, ಹಾಲಿಹಿಲ್'. ಕಾರ್ಕ್ ನಗರದ ಅಂಚೆಯವನಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ. ತಮ್ಮ ಹಾಸ್ಯಕ್ಕೆ ತಾವೇ ನಕ್ಕು ಅಂಟು ಹಚ್ಚುತ್ತಿದ್ದರು ಅಂತ ಕಾಣುತ್ತದೆ. ಹಾಲಿಹಿಲ್ ಎಂದರೆ ಐರ್ಲೆಂಡಿನ ದಕ್ಷಿಣ ತುದಿಯ ಈ ನಗರದ ಉತ್ತರಕ್ಕಿರುವ ಗುಡ್ಡ. ಕೆಳಗೆ ಲೀ ನದಿ, ಮೇಲೆ ಸದಾ ಗಾಳಿ, ನಡುವೆ ಸಾಲುಮನೆಗಳು. 1980ರಲ್ಲಿ ಆ್ಯಪಲ್ ಕಂಪನಿ ಈ ಗುಡ್ಡದ ಮೇಲೆ ಕಾರ್ಖಾನೆ ತೆರೆಯಿತು, ಈಗಲೂ ಇದೆ. ನಾನು ಅಲ್ಲಿ ಕೆಲಸ ಮಾಡುವವನಲ್ಲ, ನಗರದ ಒಂದು ಸಣ್ಣ ಕಚೇರಿಯಲ್ಲಿ ಬೇರೆಯವರ ಲೆಕ್ಕ ನೋಡುವವನು. ತಿಪಟೂರಿನಲ್ಲಿ ಅಪ್ಪ ಎಲ್ಲರಿಗೂ 'ಮಗ ಆ್ಯಪಲ್ ಪಕ್ಕದಲ್ಲಿದ್ದಾನೆ' ಎನ್ನುತ್ತಿದ್ದರು. ಕೇಳಿದವರು 'ಪಕ್ಕ'ವನ್ನು ಬಿಟ್ಟು ಉಳಿದದ್ದನ್ನು ಕೇಳಿಸಿಕೊಳ್ಳುತ್ತಿದ್ದರು.

ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತೆಂಟು ವರ್ಷ ಗುಮಾಸ್ತರಾಗಿದ್ದವರು. ನಾನು ಬಿ.ಕಾಂ. ಓದಿದೆ, ಸಿ.ಎ. ಮಾಡಿದೆ, ಆದರೆ ಕಿರ್ದಿ ಬರೆಯಲು ಕಲಿತದ್ದು ಅವರ ಕೈಕೆಳಗೆ. ಅವರ ಪುಸ್ತಕದಲ್ಲಿ ರಬ್ಬರಿಗೆ ಜಾಗವಿರಲಿಲ್ಲ. ತಪ್ಪಾದರೆ ಅಂಕಿಯ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದ ಅಂಕಿ, ಅದರ ಪಕ್ಕ ಚಿಕ್ಕ ಸಹಿ. ಹೊಡೆದು ಹಾಕಿದ್ದೂ ಓದಲು ಬರಬೇಕು ಎನ್ನುವುದು ಅವರ ನಿಯಮ. ಇವತ್ತು ಇಂಡಿಯಾದ ಕಂಪನಿ ಕಾನೂನು ಹೇಳುವುದೂ ಅದನ್ನೇ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ತಿದ್ದುಪಡಿ ಯಾವಾಗ ಆಯಿತು ಎಂಬ ದಾಖಲೆ ತಾನಾಗಿ ಉಳಿಯಬೇಕು, ಅದನ್ನು ನಿಲ್ಲಿಸಲು ಬರಕೂಡದು. ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ 'ಇದಕ್ಕೆ ಕಾನೂನು ಬೇಕಾಯ್ತೇನೋ' ಎಂದಿದ್ದರು.

ಅವರಿಗೆ ನನ್ನ ಹಳೆಯ ಮ್ಯಾಕ್‌ಬುಕ್ ಕೊಟ್ಟಿದ್ದೆ. ಆರು ತಿಂಗಳಲ್ಲಿ ಮನೆಖರ್ಚು, ತೋಟದ ಕಾಯಿಲೆಕ್ಕ, ಕೈಗಡದ ಲೆಕ್ಕ ಎಲ್ಲವೂ ಸ್ಪ್ರೆಡ್‌ಶೀಟ್ ಸೇರಿದವು. ಬ್ಯಾಕಪ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಮಾತ್ರ ಇಲ್ಲಿಯ ಆಸ್ಪತ್ರೆಯಿಂದ. 2021ರ ಮೇ 14ರಂದು ಐರ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎಚ್‌ಎಸ್‌ಇಯ ಕಂಪ್ಯೂಟರುಗಳಿಗೆ ಯಾರೋ ಬೀಗ ಜಡಿದು ಹಣ ಕೇಳಿದರು. ನನ್ನ ಹೆಂಡತಿ ನರ್ಸ್. ಅವತ್ತು ರಾತ್ರಿ ಮನೆಗೆ ಬಂದವಳ ಬೆರಳುಗಳಲ್ಲಿ ಇಂಕು. ಎಕ್ಸ್‌ರೇ ವರದಿಯಿಂದ ರಕ್ತಪರೀಕ್ಷೆಯವರೆಗೆ ಎಲ್ಲವನ್ನೂ ಕಾಗದದ ಮೇಲೆ ಬರೆದಿದ್ದರು. ಸರ್ಕಾರ ಹಣ ಕೊಡುವುದಿಲ್ಲ ಎಂದಿತು. ವಾರದೊಳಗೆ ಕಳ್ಳರೇ ಬೀಗದ ಕೈ ಕೊಟ್ಟರು, ಆದರೂ ಎಲ್ಲ ಸರಿಹೋಗಲು ತಿಂಗಳುಗಳೇ ಬೇಕಾದವು. ಯಂತ್ರಕ್ಕೆ ಅಂಟಿಕೊಂಡೇ ಇರುವ ನಕಲು ಯಂತ್ರದ ಜೊತೆಗೇ ಹೋಗುತ್ತದೆ ಎಂದು ನಾನು ಆಗ ಕಲಿತೆ. ಆ ವರ್ಷದ ಕೊನೆಗೆ ಊರಿಗೆ ಹೋದಾಗ ಅಪ್ಪನಿಗೆ ಒಂದು ಟೆರಾಬೈಟಿನ ಡಿಸ್ಕ್ ತೆಗೆದುಕೊಟ್ಟೆ. ಭಾನುವಾರ ಮಾತ್ರ ಚುಚ್ಚಿ, ಕೆಲಸ ಮುಗಿದ ಮೇಲೆ ತೆಗೆದಿಡಿ ಅಂದೆ. ಅವರು ಪೂಜೆ ಮುಗಿಸಿ ಚುಚ್ಚುತ್ತಿದ್ದರು, ತಿಂಡಿಯಾದ ಮೇಲೆ ತೆಗೆದು ಗಾಡ್ರೇಜ್ ಬೀರುವಿನಲ್ಲಿ ಜಮೀನಿನ ಪತ್ರಗಳ ಜೊತೆ ಇಡುತ್ತಿದ್ದರು.

ಆ್ಯಪಲ್ 2007ರಲ್ಲಿ ತಂದ ಈ ವ್ಯವಸ್ಥೆಯ ಹೆಸರು ಟೈಮ್ ಮೆಷೀನ್. ಬದಲಾದ ಫೈಲುಗಳನ್ನಷ್ಟೇ ಹೊಸದಾಗಿ ತೆಗೆದುಕೊಂಡರೂ ಪ್ರತಿ ಸಲದ ಇಡೀ ಸ್ಥಿತಿಯನ್ನು ಬೇರೆಯಾಗಿ ತೋರಿಸುತ್ತದೆ. ವಾರವಾರದ ಪ್ರತಿಗಳಲ್ಲಿ ಹಳೆಯದನ್ನು ಡಿಸ್ಕ್ ತುಂಬಿದಾಗ ಮಾತ್ರ ಬಿಸಾಕುತ್ತದೆ. ಅಪ್ಪನ ಅಂಕಿಗಳು ಡಿಸ್ಕಿನ ತಳವನ್ನೂ ಮುಚ್ಚಲಿಲ್ಲ. ಹಾಗಾಗಿ 2021ರಿಂದ ಒಂದೊಂದು ಭಾನುವಾರವೂ ಅದರಲ್ಲಿ ಇತ್ತು. 'ನೀವು ಅಳಿಸಿದ್ದೂ ಇದರಲ್ಲಿ ಇರುತ್ತೆ ಅಪ್ಪ' ಎಂದು ಅವತ್ತು ಹೇಳಿದ್ದೆ. 'ಅಳಿಸೋದು ಏನಿದೆ' ಎಂದಿದ್ದರು.

2024ರ ನವೆಂಬರಿನಲ್ಲಿ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಯುವ ಹೊತ್ತಿಗೆ ಮ್ಯಾಕ್‌ಬುಕ್ ಕೂಡ ಏಳಲಿಲ್ಲ. ಡಿಸ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಹಾಲಿಹಿಲ್‌ಗೆ ಬಂದೆ. ಜನವರಿಯ ಒಂದು ಸಂಜೆ, ಬೇರೆ ಮ್ಯಾಕಿನಲ್ಲಿ ಅಪ್ಪನನ್ನು ರಿಸ್ಟೋರ್ ಮಾಡಲು ಕೂತೆ. ಅಪ್ಪನ ಫೈಲುಗಳನ್ನು ಎಂದು ಬರೆಯಬೇಕಿತ್ತು, ಇರಲಿ. ಸುಮಾರು ಎರಡು ಗಂಟೆ ಹಿಡಿಯಿತು. ಬ್ಯಾಕಪ್ ಇದೆ ಎಂದುಕೊಳ್ಳುವುದು ಬೇರೆ, ಅದು ತೆರೆಯುತ್ತದೆ ಎಂದು ಕಣ್ಣಾರೆ ನೋಡುವುದು ಬೇರೆ. ನಮ್ಮ ಕಸುಬಿನಲ್ಲಿ ಗೋದಾಮಿನಲ್ಲಿ ಸರಕಿದೆ ಎನ್ನುವ ಪಟ್ಟಿಗೂ ಗೋದಾಮಿಗೂ ಇರುವಷ್ಟೇ ವ್ಯತ್ಯಾಸ. ಪರದೆಯ ಮೇಲೆ ಅವರ ಫೋಲ್ಡರುಗಳು ಅವರಿಟ್ಟ ಜಾಗದಲ್ಲೇ ಬಂದು ಕೂತಾಗ ಹೆಂಡತಿಯನ್ನು ಕೂಗಿ ಕರೆದೆ.

ಯಾಕೆ ಹಿಂದಿನ ಭಾನುವಾರಗಳನ್ನು ತೆರೆದು ನೋಡಿದೆ? ದುಃಖ ಒಂದು ಕಾರಣ, ಚಟ ಇನ್ನೊಂದು. ಕೈಗಡದ ಹಾಳೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ತೀರಿಸಿದವರ ಸಾಲಿನ ಕೊನೆಗೆ 'ಚುಕ್ತಾ' ಎಂಬ ಷರಾ, ಪಕ್ಕದಲ್ಲಿ ತಾರೀಖು. 2023ರ ಆಗಸ್ಟ್ 13ರ ಪ್ರತಿಯಲ್ಲಿ ಆರನೆಯ ಸಾಲು ಚಿಕ್ಕಪ್ಪನದು. ಮಗಳ ಎಂಜಿನಿಯರಿಂಗ್ ಫೀಸಿಗೆ 2017ರಿಂದ 2020ರವರೆಗೆ ನಾಲ್ಕು ಸಲ, ಒಟ್ಟು 3,40,000 ರೂಪಾಯಿ. ಆಗಸ್ಟ್ 20ರ ಪ್ರತಿಯಲ್ಲಿ ಆ ಸಾಲಿಲ್ಲ. ಷರಾ ಇಲ್ಲ, ಗೆರೆ ಇಲ್ಲ. ಅಲ್ಲಿ ಏನೋ ಇತ್ತು ಎಂಬ ಗುರುತೇ ಇಲ್ಲ.

ಕೈ ತಪ್ಪಿ ಹೋಗಿರಬಹುದು ಎಂದು ಮೊದಲು ಅಂದುಕೊಂಡೆ. ಎಪ್ಪತ್ತಾರು ವರ್ಷ, ನಡುಗುವ ಬೆರಳು. ಆದರೆ ಅಪ್ಪ ಕ್ರಮಸಂಖ್ಯೆಯನ್ನು ಕೈಯಿಂದಲೇ ಟೈಪ್ ಮಾಡುತ್ತಿದ್ದರು. ಹೊಸ ಪ್ರತಿಯಲ್ಲಿ ಏಳು ಆರಾಗಿತ್ತು, ಎಂಟು ಏಳಾಗಿತ್ತು. ಕೈ ತಪ್ಪಿದವನು ಸಂಖ್ಯೆ ತಿದ್ದುವುದಿಲ್ಲ. ಚಿಕ್ಕಪ್ಪ ತೀರಿಸಿದ್ದರೆ 'ಚುಕ್ತಾ' ಇರುತ್ತಿತ್ತು, ಪಾಸ್‌ಬುಕ್ಕಿನಲ್ಲೋ ಜಮಾ ಕಡೆಯಲ್ಲೋ ಹಣ ಕಾಣುತ್ತಿತ್ತು. ಕಾಣಲಿಲ್ಲ. ಅದೇ ವಾರದ ಮನೆಖರ್ಚಿನಲ್ಲಿ ಒಂದು ದಿನ ಹೀಗಿದೆ: ತುಮಕೂರು ಆಸ್ಪತ್ರೆ, ಬಸ್ಸು 110, ಮೂಸಂಬಿ 160. ಚಿಕ್ಕಮ್ಮನಿಗೆ ಆಪರೇಷನ್ ಆದ ವಾರ ಅದು.

ಜೀವಮಾನವೆಲ್ಲ ರಬ್ಬರು ಮುಟ್ಟದ ಮನುಷ್ಯ ಒಂದೇ ಒಂದು ಸಲ ಮುಟ್ಟಿದ್ದರು.

ಇದನ್ನು ತಮ್ಮನಿಗೆ ಹೇಳಿದ್ದು ತಪ್ಪೋ ಸರಿಯೋ, ಹೇಳಿಬಿಟ್ಟೆ. ಅವನು ಬೆಂಗಳೂರಿನಲ್ಲಿದ್ದಾನೆ. ಅಪ್ಪನೂ ಚಿಕ್ಕಪ್ಪನೂ ಜಂಟಿಯಾಗಿ ಉಳಿಸಿಕೊಂಡಿದ್ದ ತೆಂಗಿನ ತೋಟದ ಪಾಲುಪಟ್ಟಿ ಈಗ ಆಗಬೇಕು, ಓಡಾಟವೆಲ್ಲ ಅವನದೇ. 'ಅಣ್ಣ, ನೀನು ಆಡಿಟರು. ಯಾವುದಾದ್ರೂ ಕಂಪನೀಲಿ ಷರಾ ಇಲ್ದೆ ಮೂರು ಲಕ್ಷದ ನಲವತ್ತು ಸಾವಿರ ಮಾಯ ಆದ್ರೆ ನೀನು ಸಹಿ ಹಾಕ್ತೀಯಾ?' ಎಂದ. ಹಾಕುವುದಿಲ್ಲ. ಕಾನೂನಿನ ಮಾತಾದರೆ ಸುಲಭವಿತ್ತು. ಕೈಗಡಕ್ಕೆ ಮೂರು ವರ್ಷದ ಕಾಲಮಿತಿ, ಅದು ಯಾವತ್ತೋ ದಾಟಿದೆ, ಕೋರ್ಟಿನ ಬಾಗಿಲು ಮುಚ್ಚಿದೆ. ಆದರೆ ಮಿತಿ ಮೀರಿದ ಸಾಲ ವಸೂಲಾಗುವುದಿಲ್ಲವೇ ಹೊರತು ಸಾಲವೇ ಅಲ್ಲ ಎಂದಾಗುವುದಿಲ್ಲ. ತೋಟ ಹಂಚುವಾಗ 'ಅದನ್ನೂ ಲೆಕ್ಕಕ್ಕೆ ಹಿಡಿಯೋಣ ಚಿಕ್ಕಪ್ಪ' ಎಂದು ತಮ್ಮ ಒಂದು ಮಾತು ಹೇಳಿದರೆ ಅವರು ಇಲ್ಲ ಎನ್ನುವವರಲ್ಲ. ತೊಡಕು ಇರುವುದೇ ಅಲ್ಲಿ.

ಕಳೆದುಹೋದದ್ದನ್ನು ಮರಳಿ ತರುವುದು ಒಳ್ಳೆಯದು ಎಂದು ನಾವು ಯೋಚಿಸದೆ ಒಪ್ಪುತ್ತೇವೆ. ಈ ದೇಶದಲ್ಲಂತೂ ಅದಕ್ಕೆ ಕಾರಣವಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟುಹೋಯಿತು. ಏಳು ಶತಮಾನಗಳ ಕಾಗದ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಹಾಳೆಗಳು ಅದರಲ್ಲಿದ್ದವು, ಅಂದರೆ ಮಹಾಕ್ಷಾಮಕ್ಕೆ ಮುಂಚೆಯೂ ಅದರ ಬೆನ್ನಿಗೂ ಈ ಗುಡ್ಡಗಳಲ್ಲಿ ಯಾರು ಯಾರು ಬದುಕಿದ್ದರು ಎಂಬ ಪಟ್ಟಿ. ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ ವಿದ್ವಾಂಸರು ಬೇರೆ ಬೇರೆ ಭಂಡಾರಗಳಲ್ಲಿ ಉಳಿದಿದ್ದ ನಕಲುಗಳನ್ನು ಹುಡುಕಿ, 2022ರ ಜೂನ್‌ನಲ್ಲಿ, ನೂರು ವರ್ಷ ತುಂಬುವ ಹೊತ್ತಿಗೆ, ಸುಟ್ಟ ಭಂಡಾರವನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ತೆರೆದರು. ನಾನೂ ಅದರಲ್ಲಿ ಒಂದು ರಾತ್ರಿ ಕಳೆದಿದ್ದೇನೆ. ಇನ್ನೊಂದು ಸಂಗತಿ ಅಷ್ಟಾಗಿ ಯಾರೂ ಹೇಳುವುದಿಲ್ಲ. 1861 ಮತ್ತು 1871ರ ಗಣತಿ ಹಾಳೆಗಳನ್ನು ಬೆಂಕಿ ತಿನ್ನಲಿಲ್ಲ, ಎಣಿಕೆ ಮುಗಿದ ಮೇಲೆ ಸರ್ಕಾರವೇ ನಾಶಮಾಡಿತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ನಾಳೆ ಯಾವುದೋ ಅಟ್ಟದ ಮೇಲೆ ಇವುಗಳ ನಕಲು ಸಿಕ್ಕರೆ ಬೇಡ ಎನ್ನುವವರು ಯಾರು? ನಾನಂತೂ ಅಲ್ಲ.

ಹಾಗಾದರೆ ಅಪ್ಪನ ಆರನೆಯ ಸಾಲನ್ನು ಮಾತ್ರ ಯಾಕೆ ಬೇಡ ಎನ್ನುತ್ತೇನೆ? ಇದಕ್ಕೆ ನನಗೆ ಸಿಕ್ಕ ಉತ್ತರ ಕೊಬ್ಬರಿ ಮಂಡಿಯದು. ಸಾಲವನ್ನು ವಜಾ ಮಾಡುವ ಹಕ್ಕು ಯಾರಿಗೆ ಹಣ ಬರಬೇಕೋ ಅವರದು. ಗಣತಿಯ ಹಾಳೆಯಲ್ಲಿದ್ದ ಹೆಸರುಗಳು ಸರ್ಕಾರಕ್ಕೆ ಬರಬೇಕಾದ ಬಾಕಿಯಲ್ಲ. ಚಿಕ್ಕಪ್ಪನ ಬಾಕಿ ಅಪ್ಪನದು. ಅವರು ಬದುಕಿದ್ದಾಗಲೇ ಅದಕ್ಕೆ ಎಳ್ಳುನೀರು ಬಿಟ್ಟಿದ್ದರೆ ಅದು ಆಸ್ತಿಯಾಗಿ ನಮ್ಮ ಕೈಗೆ ಬಂದೇ ಇಲ್ಲ. ಈಗ ನಾನು ಆ ಸಾಲನ್ನು ಹಾಳೆಗೆ ಮರಳಿ ಅಂಟಿಸಿದರೆ ಕಳೆದದ್ದನ್ನು ತಂದಂತಲ್ಲ, ಚಿಕ್ಕಪ್ಪನ ತಲೆಗೆ ಹೊಸ ಸಾಲ ಕಟ್ಟಿದಂತೆ.

ನಮ್ಮ ಕಚೇರಿಯಲ್ಲಿ ಇಂಥದ್ದೇ ಒಂದು ಚಿಕ್ಕ ಏರ್ಪಾಡಿದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ಕಾನೂನಿನ 17ನೇ ವಿಧಿಯ ಪ್ರಕಾರ ಜನ ತಮ್ಮ ವಿವರ ಅಳಿಸಿ ಎಂದು ಕೇಳಬಹುದು. ತೆರಿಗೆಗೆ ಬೇಕಾದದ್ದನ್ನು ಆರು ವರ್ಷ ಇಡಲೇಬೇಕು, ಉಳಿದದ್ದನ್ನು ಅಳಿಸುತ್ತೇವೆ. ಆದರೆ ಹಳೆಯ ಬ್ಯಾಕಪ್‌ಗಳಲ್ಲಿ ಅವರು ಇನ್ನೂ ಇರುತ್ತಾರೆ. ಹಾಗಾಗಿ ಅಳಿಸಿದವರದ್ದೊಂದು ಪಟ್ಟಿ ಇದೆ. ಯಾವತ್ತಾದರೂ ರಿಸ್ಟೋರ್ ಮಾಡಿದರೆ ಪಟ್ಟಿ ನೋಡಿ ಅವರನ್ನು ಮತ್ತೊಮ್ಮೆ ಅಳಿಸಬೇಕು. ಮರೆಯುವುದಕ್ಕೆ ನೆನಪಿಟ್ಟುಕೊಳ್ಳಬೇಕು ಎಂದು ಮೊದಮೊದಲು ನಗು ಬರುತ್ತಿತ್ತು.

ಹಿಂದೆ ಈ ಕಷ್ಟ ಇರಲಿಲ್ಲ. ಹತ್ತನೆಯ ಶತಮಾನದಲ್ಲಿ ಮಲ್ಲಪ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು ತಮ್ಮ ಗುರುವಿನ ನೆನಪಿಗೆ ಪೊನ್ನನಿಂದ 'ಶಾಂತಿಪುರಾಣ' ಬರೆಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಪ್ಪನೂ ಚಿಕ್ಕಪ್ಪನೂ ಸೇರಿ ಬರೆಸಿದ್ದನ್ನು ಮಗಳು ಉಳಿಸಿದ ಕಥೆ ಇದು ಎಂದು ಮೊನ್ನೆಯವರೆಗೆ ನನಗೆ ಹೊಳೆದಿರಲಿಲ್ಲ. 'ಶಾಂತಿಪುರಾಣ' ಇವತ್ತಿಗೂ ಇದೆ. ಅದೇ ಪೊನ್ನನ 'ಭುವನೈಕರಾಮಾಭ್ಯುದಯ' ಸಿಕ್ಕಿಲ್ಲ. ಓಲೆಗರಿಯಲ್ಲಿ ಒಂದೊಂದು ಪ್ರತಿಗೂ ಒಬ್ಬನ ಕಣ್ಣು, ಬೆನ್ನು, ಎಷ್ಟೋ ದಿನಗಳು ಬೇಕು. ಯಾವುದು ಉಳಿಯಬೇಕು ಎಂಬ ತೀರ್ಮಾನ ನಕಲು ಮಾಡುವ ಮೊದಲೇ ಆಗುತ್ತಿತ್ತು. ಯಾರೂ ನಕಲು ಮಾಡದ್ದು ಹುಳು ತಿಂದು ತಾನಾಗಿ ಮರೆಯಾಗುತ್ತಿತ್ತು. ಹಳ್ಳಿಯ ಎಷ್ಟು ಸಾಲಗಳನ್ನು ಗೆದ್ದಲು ಮನ್ನಾ ಮಾಡಿದೆಯೋ! ಈಗ ಡಿಸ್ಕಿಗೆ ಆಯ್ಕೆಯೇ ಗೊತ್ತಿಲ್ಲ, ಎಲ್ಲವನ್ನೂ ಇಡುತ್ತದೆ. ಉಳಿಸುವಾಗ ಪಡಬೇಕಾಗಿದ್ದ ಯೋಚನೆಯೆಲ್ಲ ಮರಳಿ ತರುವವನ ತಲೆಯ ಮೇಲೆ ಬಂದು ಕೂತಿದೆ.

ಆದರೂ ಡಿಸ್ಕಿನ ಮೇಲೆ ನನಗೆ ಕೋಪವಿಲ್ಲ. ಅದಿಲ್ಲದಿದ್ದರೆ ಸಾಲವೂ ತಿಳಿಯುತ್ತಿರಲಿಲ್ಲ, ಅಪ್ಪ ಅದನ್ನು ಬಿಟ್ಟುಕೊಟ್ಟದ್ದೂ ತಿಳಿಯುತ್ತಿರಲಿಲ್ಲ. ಎರಡು ಭಾನುವಾರಗಳ ನಡುವಿನ ವ್ಯತ್ಯಾಸದಲ್ಲಿ ಮಾತ್ರ ಅದು ಕಾಣುವುದು. ಅಳಿಸಿದ್ದೂ ಉಳಿಯುತ್ತದೆ ಎಂದು ಗೊತ್ತಿದ್ದೂ ಅವರು ಆಗಸ್ಟ್ 20ರಂದು ಎಂದಿನಂತೆ ಡಿಸ್ಕ್ ಚುಚ್ಚಿದ್ದರು. ನಾನು ನೋಡಲಿ ಎಂದೋ, ನಾನು ಹೇಳಿದ್ದು ಮರೆತೋ?

ಅಮ್ಮನಿಗೆ ಹೇಳಿದರೆ ಅವಳು ಕಣ್ಣೊರೆಸಿಕೊಂಡು 'ಅವರು ಹಾಗೇ ಅಲ್ವಾ' ಎನ್ನುತ್ತಾಳೆ ಎಂದುಕೊಂಡಿದ್ದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ನನ್ನನ್ನ ಒಂದು ಮಾತು ಕೇಳಬೇಕಿತ್ತು' ಎಂದಳು. 2017ರ ಮೊದಲ ಕಂತಿಗೆ ಗಿರವಿ ಇಟ್ಟಿದ್ದು ಅವಳ ಬಳೆಗಳನ್ನು. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿದಿತ್ತು. ಯಾರಿಗೆ ಬರಬೇಕೋ ಅವರದೇ ಹಕ್ಕು ಎಂದು ಇಷ್ಟು ಹೊತ್ತು ಬರೆದೆನಲ್ಲ, ಆ ಹಣ ಅಪ್ಪ ಒಬ್ಬರದೇ ಆಗಿತ್ತು ಎಂದು ನಾನೂ ಲೆಕ್ಕ ಹಾಕಿದ್ದೆ, ಅವರೂ ಹಾಕಿದ್ದರು. ಹಾಳೆಯಲ್ಲಿ ಬಳೆಯ ಕಲಂ ಇರಲಿಲ್ಲ. ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಪಾಲುಪಟ್ಟಿಯಲ್ಲಿ ಏನು ಮಾಡೋಣ ಅಂತ ಕೇಳಿದೆ. 'ಕೇಳೋದೇನಿದೆ, ಆಗಿದ್ದು ಆಯ್ತು' ಎಂದಳು. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಲು ನನಗೆ ಧೈರ್ಯವಿಲ್ಲ.

ಯುಗಾದಿಯ ದಿನ ಚಿಕ್ಕಪ್ಪನೇ ಫೋನ್ ಮಾಡಿದರು. ಹಬ್ಬದ ಮಾತು, ಮಳೆಯ ಮಾತು ಎಲ್ಲ ಆದ ಮೇಲೆ, 'ಏನಪ್ಪಾ, ಅಣ್ಣ ನನ್ನ ಲೆಕ್ಕ ಏನಾದ್ರೂ ಬರೆದಿಟ್ಟಿದ್ನೇನು?' ಎಂದರು. ಇಲ್ಲ ಎನ್ನಬಹುದಿತ್ತು, ಕೊನೆಯ ಪ್ರತಿಯ ಮಟ್ಟಿಗೆ ಅದು ಸುಳ್ಳೂ ಆಗುತ್ತಿರಲಿಲ್ಲ.

'ಬರೆದಿದ್ರು ಚಿಕ್ಕಪ್ಪ. ಆಮೇಲೆ ಅವರೇ ಅಳಿಸಿದ್ರು.'

'ಯಾವಾಗ?'

ಯಾವ ವಾರ ಎಂದು ಹೇಳಿದೆ. ಆ ಕಡೆ ಮಾತಿಲ್ಲ. ಹಿಂದೆ ಎಲ್ಲೋ ಚಿಕ್ಕಮ್ಮ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು.

'ಆ ವಾರ ಬಂದಿದ್ದ,' ಎಂದರು. 'ಬಂದು ಸುಮ್ನೆ ಕೂತಿದ್ದು ಹೋದ. ಒಂದು ಮಾತೂ ಹೇಳ್ಲಿಲ್ಲ ನೋಡು.'

ಕೊಡುತ್ತೇನೆ ಎಂದೂ ಅವರು ಹೇಳಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ.

ಡಿಸ್ಕ್ ನನ್ನ ಮೇಜಿನ ಡ್ರಾಯರಿನಲ್ಲಿದೆ. ರಿಸ್ಟೋರ್ ಮಾಡಿದ ಹಾಳೆಯನ್ನು ಅಪ್ಪ ಬಿಟ್ಟುಹೋದ ಕೊನೆಯ ಭಾನುವಾರದಂತೆಯೇ ಇಟ್ಟಿದ್ದೇನೆ. ತಮ್ಮ ಇಡೀ ಡಿಸ್ಕಿನ ಒಂದು ಪ್ರತಿ ಕೇಳಿದ್ದಾನೆ, ಎಲ್ಲ ಭಾನುವಾರಗಳೂ ಸೇರಿ. ಅವನಿಗೂ ಅಪ್ಪನೇ, ಕೊಡುವುದಿಲ್ಲ ಎನ್ನಲು ನಾನ್ಯಾರು? ಹೊಸ ಡಿಸ್ಕ್ ತಂದಿದ್ದೇನೆ. ಜುಲೈನಲ್ಲಿ ಊರಿಗೆ ಹೋಗುವಾಗ ಒಯ್ಯುತ್ತೇನೆ.