ಅಡ್ವಾನ್ಸ್ ಯಾರ ಹಣ?

ಮನೆ ಬಾಡಿಗೆಗೆ ಕೊಡುವವರು ಲೆಕ್ಕದಲ್ಲಿ ದಡ್ಡರಲ್ಲ. ಕಂದಾಯ ಎಷ್ಟು, ಮೋಟಾರು ಸುಟ್ಟರೆ ಎಷ್ಟು, ಎರಡು ತಿಂಗಳು ಮನೆ ಖಾಲಿ ಬಿದ್ದರೆ ನಷ್ಟವೆಷ್ಟು ಎಂಬುದೆಲ್ಲ ಅವರಿಗೆ ಬಾಯಿಪಾಠ. ಒಂದು ಬಾಬಿನಲ್ಲಿ ಮಾತ್ರ ಅನೇಕರ ಲೆಕ್ಕ ತಪ್ಪುತ್ತದೆ. ಅದು ಅಡ್ವಾನ್ಸ್.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬಹುಕಾಲದ ರೂಢಿ. 12,000 ರೂಪಾಯಿ ಬಾಡಿಗೆಯ ನಾಲ್ಕು ಮನೆಗಳಿದ್ದರೆ ಮಾಲೀಕರ ಕೈಯಲ್ಲಿ 4,80,000 ರೂಪಾಯಿ. ಅದರಿಂದ ಮೇಲಿನ ಮಹಡಿ ಏಳುತ್ತದೆ, ಮಗಳ ಮದುವೆ ನಡೆಯುತ್ತದೆ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದಿತು. ಆದರೆ ಅದು ಮಾದರಿಯಷ್ಟೆ. ರಾಜ್ಯಗಳು ಒಪ್ಪಿ ಕಾನೂನು ಮಾಡಿದಲ್ಲಿ ಮಾತ್ರ ಜಾರಿಗೆ ಬರುತ್ತದೆ.

ಹಾಗಾದರೆ ಈ ಹಣ ಯಾರದು? ಉರ್ದು ಬಲ್ಲವರಿಗೆ ಎರಡು ಪದಗಳು ಗೊತ್ತು. ಅಮಾನತ್ ಎಂದರೆ ಇನ್ನೊಬ್ಬರದನ್ನು ಮುಟ್ಟದೆ ಕಾಪಾಡುವುದು. ಅವರ ಒಪ್ಪಿಗೆಯಿಂದ ಬಳಸಿಕೊಂಡರೆ ಅದು ಕರ್ಜ್, ಅಂದರೆ ಸಾಲ. ಮಾತಿನಲ್ಲಿ ಅಮಾನತ್ ಎನ್ನುವ ನಮ್ಮ ಎಷ್ಟೋ ಮಾಲೀಕರು ನಡತೆಯಲ್ಲಿ ಅದನ್ನು ಸಾಲವೆಂದೂ ಬಗೆಯದೆ, ಸಂಪಾದನೆ ಎಂದೇ ಬಗೆಯುತ್ತಾರೆ.

ನಿಜ ಬಯಲಾಗುವುದು ಬಾಡಿಗೆದಾರ ಮನೆ ಬಿಡುವ ದಿನ. "ನಿಮ್ಮ ದುಡ್ಡು ಎಲ್ಲಿಗೂ ಹೋಗಲ್ಲ ಭಾಯ್, ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಕೂಡಲೇ ಕೊಡ್ತೀನಿ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಕಥೆಯಲ್ಲಿ ಬರೆದರೆ ಸವಕಲು ಎನಿಸೀತು. ಅತ್ತ ಹೊಸ ಮನೆಯ ಮಾಲೀಕ ಕಾಯುವುದಿಲ್ಲ. ಬಾಡಿಗೆದಾರ ಫೈನಾನ್ಸಿನವರ ಹತ್ತಿರ ಬಡ್ಡಿಗೆ ಸಾಲ ಎತ್ತುತ್ತಾನೆ. ತನ್ನದೇ ಹಣ ಮತ್ತೊಬ್ಬರ ಬಳಿ ಇರುವಾಗ ಅವನು ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಾನೆ. ಬ್ಯಾಂಕಿನ ಬಡ್ಡಿಯನ್ನು ಮುಟ್ಟೆನೆಂದು ಅಭಿಮಾನಪಡುವ ಮಾಲೀಕರು, ಈ ಬಡ್ಡಿಯನ್ನು ಕಟ್ಟಿಸಿದವರು ಯಾರೆಂದು ಕೇಳಿಕೊಳ್ಳುವುದುಂಟೆ?

ಭೋಗ್ಯದ ಮನೆಗಳದ್ದು ಇನ್ನೂ ತೊಡಕಿನ ವಿಷಯ. ಐದೋ ಎಂಟೋ ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಪೂರ್ತಿ ಹಣ ವಾಪಸು ಪಡೆಯುವ ಪದ್ಧತಿ ಇದು. ಸಾಲ ಕೊಟ್ಟವನು ಅಡವಿಟ್ಟ ವಸ್ತುವಿನಿಂದ ಲಾಭ ಪಡೆಯುವುದೂ ಬಡ್ಡಿಯೇ ಎಂಬುದು ಹೆಚ್ಚಿನ ಉಲೇಮಾಗಳ ಅಭಿಪ್ರಾಯ. ವಿಚಿತ್ರ ನೋಡಿ, ಇಲ್ಲಿ ಸಾಲ ಕೊಟ್ಟವನು ಬಾಡಿಗೆದಾರ! ಹೆಂಡತಿಯ ಒಡವೆ ಮಾರಿ ಬಂದವನ ಮೇಲೆ ಬಡ್ಡಿಯ ಆರೋಪ, ಬಂಡವಾಳ ಪಡೆದವರ ಮೇಲೆ ಯಾವುದೂ ಇಲ್ಲ. ಹೆಸರಿಗೆ ಐನೂರು ರೂಪಾಯಿ ಬಾಡಿಗೆ ಬರೆದುಕೊಂಡು ಸಮಾಧಾನ ಪಡುವವರೂ ಇದ್ದಾರೆ. ನನಗೆ ಅದು ಕಾಗದದ ಜಾಣತನವಾಗಿಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮನೆ ಮೊದಲೇ ಬ್ಯಾಂಕಿನಲ್ಲಿ ಅಡವಿದ್ದು, ಅದನ್ನು ಮುಚ್ಚಿಟ್ಟು ಭೋಗ್ಯಕ್ಕೆ ಕೊಡುವವರಿದ್ದಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹನ್ನೊಂದು ತಿಂಗಳ ಕರಾರಿನ ಗುಟ್ಟು ಇದೇ. ಬ್ಯಾಂಕಿನವರು ಬೀಗ ಹಾಕಲು ಬಂದಾಗ ಭೋಗ್ಯದವನ ಕೈಯಲ್ಲಿ ಉಳಿಯುವುದು ಛಾಪಾ ಕಾಗದ. ಅಡಮಾನ ಇದ್ದರೆ ಮೊದಲೇ ಹೇಳಿಬಿಡಬೇಕು. ಹೇಳಿದರೆ ಗಿರಾಕಿ ಬರುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಕೊಡಬಾರದು.

ಸುಣ್ಣಬಣ್ಣದ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ವಾಡಿಕೆಯನ್ನೂ ನೋಡಬೇಕು. ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಬೇರೆ ಕರಾರಿದ್ದರೆ ಅದು ಬೇರೆ. ಬಣ್ಣಕ್ಕೆ ಹಣ ಬೇಕಿದ್ದರೆ ಮೊದಲೇ ಬರೆದುಕೊಳ್ಳಿ, ಬಣ್ಣ ಹೊಡೆಸಿದ ರಸೀದಿ ತೋರಿಸಿ.

ಎಲ್ಲ ಮಾಲೀಕರೂ ಸಿರಿವಂತರಲ್ಲ. ಗಂಡ ಬಿಟ್ಟುಹೋದ ಎರಡು ಮನೆಗಳ ಬಾಡಿಗೆಯಲ್ಲೇ ಬದುಕುವ ವಿಧವೆಯರಿದ್ದಾರೆ. ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಗಂಟುಮೂಟೆ ಕಟ್ಟುವವರ ಭಯ ಅವರಿಗೆ ಸುಳ್ಳಲ್ಲ. ಅಂಥವರಿಗೂ ಎರಡು ಮೂರು ತಿಂಗಳ ಅಡ್ವಾನ್ಸ್ ಸಾಕು. ಅದನ್ನು ಮನೆಖರ್ಚಿನ ಖಾತೆಯಲ್ಲಿ ಬೆರೆಸದೆ ಬೇರೆ ಖಾತೆಯಲ್ಲಿಡಬೇಕು. ಬಡ್ಡಿ ಬೇಡವೆನ್ನುವವರಿಗೆ ಬಡ್ಡಿಯಿಲ್ಲದ ಚಾಲ್ತಿ ಖಾತೆ ಇದೆ. ಖರ್ಚಾಗಿಹೋಗಿದ್ದರೆ ಬರುವ ಬಾಡಿಗೆಯಲ್ಲಿ ತಿಂಗಳಿಗಿಷ್ಟೆಂದು ಎತ್ತಿಟ್ಟು ತುಂಬಿಸಬಹುದು; ಬಾಡಿಗೆದಾರ ಬೀಗದ ಕೈ ಕೊಡಲು ಬರುವ ಹೊತ್ತಿಗೆ ಚೆಕ್ ಬರೆದಿಟ್ಟಿರಬಹುದು.