ನಿಂತ ಗಾಲಿಯ ಬಾಡಿಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಲಾರಿ ಡ್ರೈವರನ ಬದುಕಿನಲ್ಲಿ ಒಂದು ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ವರ್ಷಗಟ್ಟಲೆ ಒಬ್ಬನೇ ಮಾಲೀಕನ ಗಾಡಿ ಹೊಡೆದವನಿಗೆ ಆ ಮಾಲೀಕನೇ ಹೇಳುತ್ತಾನೆ: ‘ಎಷ್ಟು ದಿನ ಅಂತ ಪಗಾರಕ್ಕ ದುಡೀತಿ? ಗಾಡಿ ನೀನ ಇಟ್ಕೊ. ತಿಂಗಳಿಗೆ ಇಷ್ಟು ಅಂತ ಕೊಡು, ಉಳಿದದ್ದು ನಿಂದು.’ ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಮಾಲೀಕನಿಗೆ ವಯಸ್ಸಾಗಿರುತ್ತದೆ, ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದಿರುತ್ತಾನೆ, ಟೈರ್ ಒಡೆಯಿತೆಂದು ಸೊಲ್ಲಾಪುರದಿಂದ ನಡುರಾತ್ರಿ ಬರುವ ಫೋನು ಎತ್ತಿ ಎತ್ತಿ ಸಾಕಾಗಿರುತ್ತದೆ. ಡ್ರೈವರನಿಗಂತೂ ಅದು ಮರ್ಯಾದೆಯ ಮಾತು. ಮನೆಗೆ ಬಂದು ಹೇಳಿದಾಗ ಹೆಂಡತಿ ಕೇಳುವುದು ಒಂದೇ ಪ್ರಶ್ನೆ: ‘ಗಾಡಿ ನಿಂತ್ರ?’

ಆ ಪ್ರಶ್ನೆಯ ಮೇಲೆ ನನಗೆ ಬಹಳ ಗೌರವವಿದೆ. ಲೀಸಿನ ಇಡೀ ವಿಚಾರ ಅದರೊಳಗೇ ಇದೆ.

ಆದರೆ ಡ್ರೈವರನ ಆಸೆಯನ್ನೂ ಹಗುರವಾಗಿ ಕಾಣಬಾರದು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಜ್ಜಂದಿರು ಬೇರೆಯವರ ಹೊಲವನ್ನು ಲಾವಣಿಗೆ ಮಾಡಿದವರು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ದೊಡ್ಡ ತಿದ್ದುಪಡಿ ಬಂದಾಗ ಅವರು ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಉತ್ತ ನೆಲ ಅವರ ಹೆಸರಿಗೆ ಬಂತು. ಇನ್ನೊಬ್ಬರ ಆಸ್ತಿಯ ಮೇಲೆ ಬೆವರು ಸುರಿಸಿದರೆ ಒಂದು ದಿನ ಅದು ನಮ್ಮದಾಗುತ್ತದೆ ಎಂಬುದು ಅಂಥ ಮನೆಗಳಿಗೆ ಪಹಣಿಯಲ್ಲಿ ಬರೆದಿಟ್ಟ ಸತ್ಯ. ಮೊಮ್ಮಗ ಲಾರಿಯನ್ನು ಲೀಸಿಗೆ ಹಿಡಿಯಲು ಹೊರಟಾಗ ಆ ನೆನಪೂ ಅವನ ಜೊತೆ ಕ್ಯಾಬಿನ್ ಹತ್ತುತ್ತದೆ. ಗಾಡಿಯ ವಿಷಯದಲ್ಲಿ ಅಂಥ ಕಾಯ್ದೆ ಯಾವುದೂ ಇಲ್ಲ. ಮೂರು ವರ್ಷ ಒಂದು ತಿಂಗಳೂ ತಪ್ಪದೆ ಹಣ ಕಟ್ಟಿದರೂ ಆರ್‌ಸಿಯಲ್ಲಿ ಉಳಿಯುವುದು ಮೊದಲಿದ್ದ ಹೆಸರೇ. ಹೊಲ ಉತ್ತರೆ ಸವೆಯುವುದಿಲ್ಲ, ಗಾಡಿ ಓಡಿದಷ್ಟೂ ಸವೆಯುತ್ತದೆ. ಮೂರು ವರ್ಷದ ಸವಕಳಿ ಡ್ರೈವರನ ಕೈಯಲ್ಲಿ ನಡೆದು, ಉಳಿದ ಕಬ್ಬಿಣ ಮಾಲೀಕನ ಅಂಗಳಕ್ಕೆ ಮರಳುತ್ತದೆ.

ಇನ್ನೊಂದು ಕಥೆಯೂ ಈ ಆಸೆಗೆ ನೀರೆರೆದಿದೆ. ಗದಗಿನ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿ ವಿಆರ್‌ಎಲ್ ಕಟ್ಟಿದ್ದು ನಮ್ಮ ಭಾಗದ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಎಲ್ಲರಿಗೂ ಗೊತ್ತು. ನಿಜವಾದ ಕಥೆ, ದೊಡ್ಡ ಕಥೆ. ಆದರೆ ಆ ಲಾರಿ ಲೀಸಿನದಲ್ಲ, ಸ್ವಂತದ್ದು. ಅದನ್ನು ಕೊಂಡವರು ಮುದ್ರಣ, ಪುಸ್ತಕ ಪ್ರಕಟಣೆಯ ವ್ಯಾಪಾರ ಮಾಡಿಕೊಂಡಿದ್ದ ಮನೆಯಿಂದ ಬಂದವರು. ಲೆಕ್ಕದ ಪುಸ್ತಕ ಅವರ ಮನೆಯಲ್ಲಿ ಲಾರಿಗಿಂತ ಮೊದಲೇ ಇತ್ತು.

ಈಗ ನಿಲ್ಲುವ ವಿಷಯಕ್ಕೆ ಬರೋಣ. ಪುಣೆ–ಬೆಂಗಳೂರು ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 48, ಹಾವೇರಿ ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಬಂಕಾಪುರದ ಟೋಲಿನಿಂದ ಚಳಗೇರಿ ಟೋಲಿನವರೆಗೆ ಹಗಲು ರಾತ್ರಿ ಗಾಡಿಗಳು ಹರಿಯುವುದನ್ನು ನೋಡಿದವರಿಗೆ, ಲಾರಿ ಎಂದರೆ ಓಡುವ ವಸ್ತು ಎಂದೇ ಅನಿಸುತ್ತದೆ. ಹಾಗನಿಸುವುದು ರಸ್ತೆಯ ಮೇಲೆ ನಿಂತು ನೋಡುವುದರಿಂದ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಮಾರುಕಟ್ಟೆಗೆ ಬಂದು ನೋಡಿದರೆ ಲಾರಿಯ ಇನ್ನೊಂದು ಬದುಕು ಕಾಣುತ್ತದೆ. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿಯ ದೊಡ್ಡ ವಹಿವಾಟು. ಟೆಂಡರ್ ಆಗಬೇಕು, ತೂಕ ಆಗಬೇಕು, ಹಮಾಲರು ಚೀಲ ಏರಿಸಬೇಕು, ಬಿಲ್ ಬರಬೇಕು. ಅಲ್ಲಿಯವರೆಗೆ ಗಾಡಿ ನಿಂತಿರುತ್ತದೆ. ತಲುಪಿದ ಊರಿನಲ್ಲಿ ಕಾರ್ಖಾನೆಯ ಗೇಟಿನ ಹೊರಗೆ ಸರದಿ. ಖಾಲಿ ಮಾಡಿದ ಮೇಲೆ ರಿಟರ್ನ್ ಲೋಡಿಗಾಗಿ ಏಜೆಂಟನ ಆಫೀಸಿನ ಮುಂದೆ ಕಾಯುವುದು. ಡಿಸೆಂಬರ್–ಜನವರಿಯಿಂದ ಮೇವರೆಗೆ ಕೆಂಪಾಗಿರುವ ಬ್ಯಾಡಗಿ ಮಳೆಗಾಲಕ್ಕೆ ತಣ್ಣಗಾಗುತ್ತದೆ; ಉಳಿದ ಮಾಲು ಕೋಲ್ಡ್ ಸ್ಟೋರೇಜಿನಲ್ಲಿ ಕೂರುತ್ತದೆ, ಲಾರಿ ಬಯಲಿನಲ್ಲಿ ಕೂರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮೆಣಸಿನಕಾಯಿ ಇದು, ಬಣ್ಣಕ್ಕಾಗಿ ದೂರದ ಕಾರ್ಖಾನೆಗಳೂ ಬಯಸುವಂಥದ್ದು. ಆದರೂ 2024ರ ಮಾರ್ಚ್ 11ರಂದು ಧಾರಣೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟರು. ರೈತನ ಸಂಕಟ ಎಲ್ಲರಿಗೂ ಕಂಡಿತು, ಕಾಣಬೇಕಾದದ್ದೇ. ವಹಿವಾಟು ನಿಂತರೆ ಲೋಡ್ ಇಲ್ಲದೆ ನಿಲ್ಲುವ ಗಾಡಿಯವನ ಸಂಕಟ ಯಾವ ವರದಿಗೂ ಬರುವುದಿಲ್ಲ.

ಪಗಾರದ ಡ್ರೈವರನಿಗೆ ಇಂಥ ದಿನಗಳು ಬೇಸರದ ದಿನಗಳು, ಅಷ್ಟೇ. ಬಾಟಾ ಕಡಿಮೆಯಾಗಬಹುದು, ಪಗಾರ ನಿಲ್ಲುವುದಿಲ್ಲ. ನಿಂತ ಗಾಡಿಯ ಭಾರ ಮಾಲೀಕನದು. ಲೀಸಿನ ಕಾಗದಕ್ಕೆ ಸಹಿ ಬಿದ್ದ ಗಳಿಗೆಯಲ್ಲಿ ಕೈಬದಲಾಗುವುದು ಈ ಭಾರ. ಓಡುವ ಗಾಡಿ ಮೊದಲೂ ಡ್ರೈವರನ ಕೈಯಲ್ಲೇ ಇತ್ತು; ಹೊಸದಾಗಿ ಅವನಿಗೆ ಸಿಗುವುದು ನಿಂತ ಗಾಡಿ. ಲೆಕ್ಕಕ್ಕೆಂದು ತಿಂಗಳಿಗೆ 60,000 ರೂಪಾಯಿ ಎಂದು ಹಿಡಿಯೋಣ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,000. ಒಂದು ಟ್ರಿಪ್ಪಿನ ಮುಂದೆ ಇದೇನು ಮಹಾ ಅನಿಸುತ್ತದೆ. ಲೋಡ್ ಹೊತ್ತು ಗಾಲಿ ಉರುಳಿದ್ದು 20 ದಿನವಾದರೆ ಅದೇ ಮೊತ್ತ ದಿನಕ್ಕೆ 3,000, ಹನ್ನೆರಡೇ ದಿನವಾದರೆ 5,000. ಡೀಸೆಲ್, ಟೋಲ್, ಟೈರ್, ಕ್ಲೀನರನ ಕೂಲಿ ಇದರ ಮೇಲೆ. ಬಾಡಿಗೆ ದರ ನಿಗದಿ ಮಾಡುವುದು ಡ್ರೈವರನಲ್ಲ, ಡೀಸೆಲ್ ದರವೂ ಅವನ ಕೈಯಲ್ಲಿಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಮೊದಲಿನಷ್ಟೇ ಸರಕನ್ನು ಕಡಿಮೆ ಗಾಡಿಗಳು ಹೊರಬಲ್ಲವು ಎಂದಾಯಿತು. ಹೊತ್ತವನಿಗೆ ಲಾಭ, ಸರದಿಯಲ್ಲಿ ಹಿಂದೆ ಉಳಿದವನಿಗೆ ಇನ್ನೊಂದು ದಿನದ ಕಾಯುವಿಕೆ.

ಜಗತ್ತೇ ನಿಂತ ಕಾಲವೊಂದನ್ನು ನಾವೆಲ್ಲ ನೋಡಿದ್ದೇವೆ. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು, ಆಗಸ್ಟ್ ಕೊನೆಯವರೆಗೂ ಅದು ನಡೆಯಿತು. ಕಂತು ನಿಂತರೂ ಬಡ್ಡಿ ಓಡುತ್ತಲೇ ಇತ್ತು. ಆದರೂ ಬ್ಯಾಂಕಿನ ಸಾಲಗಾರನಿಗೆ ಅಷ್ಟಾದರೂ ನೆರಳಿತ್ತು. ಬಾಯಿಮಾತಿನ ಮೇಲೆ ಲೀಸಿಗೆ ಗಾಡಿ ಹಿಡಿದವನಿಗೆ ಯಾವ ರಿಸರ್ವ್ ಬ್ಯಾಂಕೂ ಇರಲಿಲ್ಲ. ಮಾಲೀಕನ ಮನಸ್ಸು ದೊಡ್ಡದಿದ್ದರೆ ಬದುಕಿದ.

ಮಾಲೀಕ ಯಾರು ಎಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಇನ್ನೂ ಕಳವಳ ಹುಟ್ಟಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಲೀಸಿನ ಕರಾರಿನಲ್ಲಿರುವ ವಾಹನದ ಮಾಲೀಕ ಎಂದರೆ ಆ ಕರಾರಿನಂತೆ ವಾಹನವನ್ನು ವಶದಲ್ಲಿಟ್ಟುಕೊಂಡವನು. ಕರಾರನ್ನು ಆರ್‌ಸಿಯಲ್ಲಿ ದಾಖಲಿಸಲೂ ದಾರಿಯಿದೆ. ನಮ್ಮ ಕಡೆ ಅಷ್ಟು ದೂರ ಹೋಗುವವರು ಕಡಿಮೆ. ಒಂದು ಛಾಪಾ ಕಾಗದ, ಇಬ್ಬರು ಸಾಕ್ಷಿ, ಒಂದು ಚಹಾ. ಅಪಘಾತದಲ್ಲಿ ಮೂರನೆಯವರಿಗೆ ಪೆಟ್ಟಾದರೆ ಕೋರ್ಟು ಹುಡುಕುವುದು ನೋಂದಾಯಿತ ಹೆಸರನ್ನು. ಗಾಡಿ ಹಲವು ಕೈ ಬದಲಿಸಿದ್ದರೂ ಹೊಣೆ ಆ ಹೆಸರಿನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಹಾಗಾಗಿ ಬಾಯಿಮಾತಿನ ಲೀಸಿನಲ್ಲಿ ಮಾಲೀಕನೂ ಕ್ಷೇಮವಾಗಿಲ್ಲ. ಪೆಟ್ಟು ಡ್ರೈವರನಿಗೇ ಆದರೆ? 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಮಾಲೀಕ–ಚಾಲಕನಿಗೆ, ಅಂದರೆ ವಾಹನ ಯಾರ ಹೆಸರಿನಲ್ಲಿದೆಯೋ ಅವನಿಗೆ. ಪಗಾರದ ಡ್ರೈವರನಾಗಿದ್ದರೆ ನೌಕರನೆಂದು ಪರಿಹಾರ ಕೇಳುವ ಹಕ್ಕಿತ್ತು; ಲೀಸಿನ ಮರುದಿನ ಅವನು ಯಾರ ನೌಕರ? ಇನ್ನೊಬ್ಬರ ಬೈಕನ್ನು ಎರವಲು ಪಡೆದು ಓಡಿಸಿ ಸತ್ತವನ ಪ್ರಕರಣವೊಂದು ಉತ್ತರ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎರವಲು ಪಡೆದವನು ಮಾಲೀಕನ ಜಾಗಕ್ಕೇ ಬಂದು ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರ ಅವನ ಕುಟುಂಬಕ್ಕೆ ಸಲ್ಲದು ಎಂದು 2009ರಲ್ಲಿ ತೀರ್ಪಾಯಿತು. ಪರಿಹಾರ ಕೇಳುವಾಗ ಮಾಲೀಕ, ವಿಮೆ ಕೇಳುವಾಗ ಅಲ್ಲ: ಈ ಎರಡರ ನಡುವಿನ ಸಂದಿಯಲ್ಲಿ ಒಂದು ಸಂಸಾರ ಬೀಳಬಹುದು. ಬಾಡಿಗೆ ಎಷ್ಟು ಉಳಿಯುತ್ತದೆ ಎಂದು ಕೇಳುವ ಮೊದಲು ಇದನ್ನು ಕೇಳಬೇಕೆಂದು ನನಗೆ ಅನಿಸುತ್ತದೆ.

ಇನ್ನು ದೇಹ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಕಟ್ಟು ಹಾಕಿತ್ತು, ಅದೂ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ದೂರದ ಹಾದಿಯಲ್ಲಿ ಅದನ್ನು ಪಾಲಿಸಿದವರು ವಿರಳ. ಆದರೂ ಪಗಾರದವನು ಫೋನಿನಲ್ಲಿ ಒಂದು ಮಾತು ಹೇಳಬಲ್ಲ: ‘ಅಣ್ಣಾ, ಕಣ್ಣು ಎಳೀಲಿಕತ್ತಾವ, ಗಾಡಿ ಬಾಜೂಕ ಹಾಕೀನಿ.’ ಆ ಕಡೆಯಿಂದ ಬೈಗುಳ ಬಂದರೂ ಅವನು ಮಲಗುತ್ತಾನೆ. ಲೀಸಿನವನು ಆ ಫೋನನ್ನು ಯಾರಿಗೆ ಮಾಡಬೇಕು? ದಾಬಾದ ಮುಂದೆ ನಿಂತ ಎರಡು ತಾಸು ಅವನದೇ ಕಿಸೆಯಿಂದ ಹೋಗುತ್ತವೆ. ಲೀಸು ಹಿಡಿದ ಮೇಲೆ ಒಬ್ಬ ಒಳ್ಳೆಯ ಡ್ರೈವರ್ ಕೆಟ್ಟ ಮಾಲೀಕನ ಕೈಗೆ ಸಿಕ್ಕಿಬೀಳಬಹುದು, ಆ ಕೆಟ್ಟ ಮಾಲೀಕ ಅವನೇ ಆಗಿರಬಹುದು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ.

ಹಾಗಾದರೆ ಪಗಾರಕ್ಕೇ ದುಡಿದು ಸಾಯಬೇಕೆ, ಮರ್ಯಾದೆ ಬೇಡವೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ನೆನಪು ಇಂದಿಗೂ ಇದೆ. ಜನರನ್ನು ಹೊಳೆ ದಾಟಿಸುತ್ತಿದ್ದವನು, ಕಟುವಾಗಿ ಮಾತಾಡಿದ ಶರಣ, ತನ್ನ ಕಾಯಕವನ್ನೇ ಹೆಸರಿನಲ್ಲಿ ಹೊತ್ತವನು. ದೋಣಿ ಯಾರದಾಗಿತ್ತು ಎಂದು ಇಷ್ಟು ಶತಮಾನಗಳಲ್ಲಿ ಯಾರೂ ಕೇಳಿಲ್ಲ. ಗಾಡಿ ಹೊಡೆಯುವ ಕೈಗೆ ಇರುವ ಮರ್ಯಾದೆ ಆರ್‌ಸಿಯ ಹೆಸರಿಗೆ ಕಾಯಬೇಕಾಗಿಲ್ಲ ಎಂದು ಆ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಲೀಸು ಮರ್ಯಾದೆಗಾಗಿ ಬೇಡ. ಹಣಕ್ಕಾಗಿ, ಮಕ್ಕಳ ಓದಿಗಾಗಿ ಬೇಕೆಂದರೆ ಸರಿ, ಆಗ ಅದನ್ನು ಹಣದ ಕಣ್ಣಿನಿಂದಲೇ ನೋಡಬೇಕು.

ಹಾಗೆ ನೋಡಲು ಕಲಿಸುವ ಕಥೆಯೂ ಇದೇ ನೆಲಕ್ಕೆ ಹತ್ತಿರವಿದೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ‘ನಳಚರಿತ್ರೆ’ ಬರೆದರು. ಮೂಲ ಕಥೆ ಮಹಾಭಾರತದ ವನಪರ್ವದ್ದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗುತ್ತಾನೆ. ಅರಸನಾಗಿದ್ದವನು ಪಗಾರದ ಡ್ರೈವರನಾದ ಕಥೆ. ಅವನಷ್ಟು ಚೆನ್ನಾಗಿ ರಥ ಹೊಡೆಯುವವರು ಇನ್ನೊಬ್ಬರಿಲ್ಲ. ವಿದರ್ಭಕ್ಕೆ ಧಾವಿಸುವಾಗ ಋತುಪರ್ಣನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ರಥ ಒಂದು ಯೋಜನ ದಾಟಿರುತ್ತದೆ. ಆಗ ಋತುಪರ್ಣ ತನ್ನ ವಿದ್ಯೆ ತೋರಿಸುತ್ತಾನೆ: ದಾರಿ ಬದಿಯ ತಾರೆ ಮರವೊಂದನ್ನು ನೋಡಿ ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಹೇಳಿಬಿಡುತ್ತಾನೆ. ನಳ ರಥ ನಿಲ್ಲಿಸುತ್ತಾನೆ. ಹೊತ್ತಾಗುತ್ತದೆ ಎಂದು ಅರಸ ಚಡಪಡಿಸಿದರೂ ಕೇಳದೆ, ಇಳಿದು, ತಾನೇ ಎಣಿಸುತ್ತಾನೆ. ಲೆಕ್ಕ ತಾಳೆಯಾಗುತ್ತದೆ. ಅಲ್ಲಿಯೇ ವಿದ್ಯೆಯ ಮಾತಾಗುತ್ತದೆ: ಕುದುರೆಯ ಹೃದಯ ಬಲ್ಲವನಿಗೆ ದಾಳದ ಹೃದಯ, ಎಣಿಕೆಯ ಹೃದಯ. ಅದು ತಿಳಿದ ಕ್ಷಣ ಕಲಿ ನಳನ ಮೈಬಿಟ್ಟು ಹೊರಗೆ ಬರುತ್ತಾನೆ. ಅಷ್ಟು ಕಾಲ ರಥ ಹೊಡೆದರೂ ಹೋಗದ ಕಲಿ ಲೆಕ್ಕ ತಿಳಿದಾಗ ಹೋದ. ಕುದುರೆಯ ವಿದ್ಯೆಯನ್ನು ಋತುಪರ್ಣ ಆಗಲೇ ಕೇಳುವುದಿಲ್ಲ, ಸದ್ಯ ನಿನ್ನಲ್ಲೇ ಠೇವಣಿಯಾಗಿರಲಿ ಎನ್ನುತ್ತಾನೆ. ಒಡೆಯ ತನ್ನ ಲೆಕ್ಕವನ್ನು ಮೊದಲು ಕೊಟ್ಟ, ಸಾರಥಿಯ ಕಸುಬನ್ನು ಆಮೇಲೆ ಪಡೆದ.

ನಮ್ಮ ಲೀಸಿನ ಮಾತುಕತೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಡ್ರೈವರ್ ತನ್ನ ಕಸುಬು, ನಿದ್ದೆ, ಮೈ ಎಲ್ಲವನ್ನೂ ಮೊದಲೇ ಒಪ್ಪಿಸುತ್ತಾನೆ. ಗಾಡಿಯ ಹಿಂದಿನ ವರ್ಷದ ಲೆಕ್ಕ ಮಾಲೀಕನ ಕಪಾಟಿನಲ್ಲೇ ಉಳಿಯುತ್ತದೆ. ಗಾಡಿ ಕೊಡುವವನು ಮೊದಲು ಟ್ರಿಪ್ ಪುಸ್ತಕ ತೆಗೆದಿಡಲಿ: ಯಾವ ತಿಂಗಳು ಎಷ್ಟು ದಿನ ಲೋಡ್, ಎಷ್ಟು ದಿನ ಖಾಲಿ, ಎಫ್‌ಸಿಗೆ ಎಷ್ಟು, ಟೈರಿಗೆ ಎಷ್ಟು. ಮೊತ್ತವನ್ನು ತಿಂಗಳಿಗೆ ಕಟ್ಟುವ ಬದಲು ಓಡಿದ ಟ್ರಿಪ್ಪಿಗೆ ಕಟ್ಟಲಿ. ಹೊಲದಲ್ಲಿ ಲಾವಣಿಯ ಜೊತೆಗೆ ಪಾಲಿಗೆ ಮಾಡುವ ಪದ್ಧತಿಯೂ ಇದೆಯಲ್ಲ. ಮಳೆ ಹೋದ ವರ್ಷ ಇಬ್ಬರೂ ಸೋಲುತ್ತಾರೆ, ಒಬ್ಬನೇ ಅಲ್ಲ. ಕರಾರು ಆರ್‌ಸಿಯಲ್ಲಿ ದಾಖಲಾಗಲಿ, ಡ್ರೈವರನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಇರಲಿ. ಇಷ್ಟಕ್ಕೆ ಒಪ್ಪುವ ಮಾಲೀಕನ ಗಾಡಿಯನ್ನು ಧೈರ್ಯವಾಗಿ ಹಿಡಿಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಪುಟಗಳನ್ನು ತೋರಿಸಲು ಒಪ್ಪದಿದ್ದರೆ, ಗಾಡಿ ಎಷ್ಟೇ ಹೊಸದಿರಲಿ, ಇನ್ನೊಂದು ವರ್ಷ ಪಗಾರಕ್ಕೇ ಹೊಡೆಯುವುದು ಒಳ್ಳೆಯದು ಎಂದು ನಾನು ಆ ಮನೆಗೆ ಹೋಗಿ, ಹೆಂಡತಿಯೂ ಕೂತಿರುವಾಗ, ಹೇಳುತ್ತೇನೆ.