ನುಂಗಲಾರದ ಗಂಟಲು, ಬಿಟ್ಟ ಅನ್ನ

ಬೆಳಗಾವಿ ಸೀಮೆಯ ಜೈನರಿಗೆ ಸಲ್ಲೇಖನ, ಅಂದರೆ ಅನ್ನನೀರು ಬಿಟ್ಟು ದೇಹ ತ್ಯಜಿಸುವ ವ್ರತ, ದೂರದ ಮಾತಲ್ಲ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮವೆಂದಾಗ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಆದರೆ ಇದೇ ಸೀಮೆಯ ಕಾಕತಿಯಲ್ಲಿ ಲಕ್ವಾ ಹೊಡೆದ ಮುದುಕಿಯೊಬ್ಬಳು ಗಂಜಿಯ ಚಮಚಕ್ಕೆ ತುಟಿ ಬಿಗಿದರೆ, ಹಾಕಿದ ತುತ್ತು ಸೋತ ಕೆನ್ನೆಯೊಳಗೇ ಉಳಿದರೆ, ಅದನ್ನೂ ವೈರಾಗ್ಯ ಎನ್ನಬಹುದೇ? ಖಂಡಿತ ಕೂಡದು. ವ್ರತಕ್ಕೆ ತಿಳಿದು ಬಿಡುವ ಮನಸ್ಸು ಬೇಕು. ಇಲ್ಲಿ ಕೈಕೊಟ್ಟದ್ದು ಗಂಟಲು. ಲಕ್ವಾದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗುವುದು ಕಷ್ಟ; ಹಲವರಿಗೆ ಕೆಲವೇ ವಾರಗಳಲ್ಲಿ ಆ ಶಕ್ತಿ ಮರಳುತ್ತದೆ. ಅಷ್ಟರೊಳಗೆ ‘ಕಾಲ ಬಂತು’ ಎಂದು ಕೈಚೆಲ್ಲಿದರೆ, ಮೊದಲೇ ಬಡಕಲಾದ ಮೈ ಉಪವಾಸದಿಂದಲೇ ಕರಗುತ್ತದೆ. ನಿಜಕ್ಕೂ ಸಾವು ಹತ್ತಿರವಾದಾಗ ಆಹಾರ ಉಣಿಸುವ ನಳಿಗೆ ಬೇಡವೆನ್ನುವುದು ಅಧರ್ಮವಲ್ಲ. ಆ ಮಾತು ಮಾತ್ರ ಆಕೆಯದಾಗಿರಬೇಕು. ಗಂಟಲು ಸೋತವರಿಗೆ ಕುಡಿಸುವುದು ಅಪಾಯವೆಂದರೆ, ಕೊನೆಗಾಲಕ್ಕೆ ಬಾಯಿಗೆ ತೀರ್ಥವನ್ನೂ ಹಾಕಬಾರದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ತೆಳು ನೀರೇ ಬೇಗ ಶ್ವಾಸಕೋಶಕ್ಕೆ ಜಾರುತ್ತದೆ, ಕೆಲವೊಮ್ಮೆ ಕೆಮ್ಮೂ ಬರದೆ. ಹತ್ತಿಯನ್ನು ತೀರ್ಥದಲ್ಲಿ ಅದ್ದಿ, ಹಿಂಡಿ, ತುಟಿ ಒದ್ದೆ ಮಾಡಿದರೆ ಸಾಕು.